1923ರ ಗ್ರೀಸ್: 'ಜನಸಂಖ್ಯಾ ವಿನಿಮಯ' ಸರಿಯಾ?

> 1923ರ ಗ್ರೀಸ್ ಬಗ್ಗೆ ಒಂದು ಫಲಕ ಅನುವಾದ ಮಾಡ್ತಿದ್ದೇನೆ. ಆ ವರ್ಷದ ಘಟನೆ, ಹುಟ್ಟು, ಸಾವು. ಗ್ರೀಸ್, ಟರ್ಕಿ ನಡುವೆ ಜನರನ್ನು ಅತ್ತಿತ್ತ ಕಳಿಸಿದ್ದಕ್ಕೆ 'ಜನಸಂಖ್ಯಾ ವಿನಿಮಯ' ಅಂತ ಹಾಕಿದ್ದೇನೆ. ಸರಿಯಾ? ಸಂಜೆ ಪ್ರಿಂಟಿಗೆ ಹೋಗುತ್ತೆ.

ಸರಿಯಿಲ್ಲ. ಜನಸಂಖ್ಯೆ ಅಂದರೆ ನಮಗೆ ತಲೆ ಎಣಿಕೆ. 'ಕಡ್ಡಾಯ ಜನ ಅದಲುಬದಲು' ಅಂತ ಹಾಕಿ. 'ಕಡ್ಡಾಯ' ಬಿಡಲೇಬೇಡಿ, ಜನವರಿ 30ರಂದು ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಸಹಿಯಾದ ಒಪ್ಪಂದದ ಮೊದಲ ಕಲಮಿನಲ್ಲೇ ಆ ಮಾತಿದೆ. ಸುಮಾರು 12 ಲಕ್ಷ ಆರ್ಥಡಾಕ್ಸ್ ಕ್ರೈಸ್ತರು ಗ್ರೀಸಿನ ಪಾಲಾದರು. ಅವರಲ್ಲಿ ಬಹಳ ಜನ ಗ್ರೀಸ್-ಟರ್ಕಿ ಯುದ್ಧದ ಕಾರಣ 1922ರಲ್ಲೇ ಜೀವ ಉಳಿಸಿಕೊಂಡು ಓಡಿ ಬಂದವರು, ಒಪ್ಪಂದ ಅವರಿಗೆ ವಾಪಸ್ ಹೋಗುವ ದಾರಿ ಮುಚ್ಚಿತು. ಸುಮಾರು 4 ಲಕ್ಷ ಮುಸ್ಲಿಮರು ಟರ್ಕಿಗೆ ಹೋಗಬೇಕಾಯಿತು. ನೋಡಿದ್ದು ಧರ್ಮ ಮಾತ್ರ. ಮನೆಯಲ್ಲಿ ತುರ್ಕಿ ಆಡುತ್ತಿದ್ದ, ಟರ್ಕಿಯ ಕಪ್ಪಡೋಕಿಯ ಸೀಮೆಯ ಕ್ರೈಸ್ತರನ್ನು ಗ್ರೀಸಿಗೆ ಕಳಿಸಿದರು, ಗ್ರೀಕ್ ಆಡುತ್ತಿದ್ದ, ಗ್ರೀಸಿನ ಕ್ರೀಟ್ ದ್ವೀಪದ ಮುಸ್ಲಿಮರನ್ನು ಟರ್ಕಿಗೆ. ಹಾಗಾಗಿ 'ತಾಯ್ನಾಡಿಗೆ ಮರಳಿದರು' ಅಂತ ದಯವಿಟ್ಟು ಬರೆಯಬೇಡಿ. 'ಎಲ್ಲರೂ' ಅಂತಲೂ ಬೇಡ, ಇಸ್ತಾಂಬುಲ್ಲಿನ ಗ್ರೀಕರನ್ನೂ ಗ್ರೀಸಿನ ಪಶ್ಚಿಮ ಥ್ರೇಸ್ ಸೀಮೆಯ ಮುಸ್ಲಿಮರನ್ನೂ ಬಿಟ್ಟಿದ್ದರು.

> ಅದಲುಬದಲು ಉರ್ದು. 'ಕೊಳುಕೊಡೆ' ಅನ್ನಿ, ಅಚ್ಚಗನ್ನಡ.

ಒಪ್ಪಲ್ಲ. ಕೊಳುಕೊಡೆ ಎರಡೂ ಕಡೆಯವರು ಮನಸ್ಸಿದ್ದು ಮಾಡೋದು, ಸಂತೆಯಲ್ಲೋ ಸಂಬಂಧದಲ್ಲೋ. ಬಲವಂತವಾಗಿ ಊರು ಬಿಡಿಸಿದ್ದಕ್ಕೆ ಅದು ಹೇಗೆ ಹೊಂದುತ್ತೆ? 'ಬದಲು' ಅರಬ್ಬಿ ಮೂಲದ್ದು, ನಿಜ. ಟರ್ಕಿಯವರು ಇದೇ ಘಟನೆಗೆ 'ಮುಬಾದೆಲೆ' ಅಂತಾರೆ, ಅದೂ ಅದೇ ಧಾತುವಿನಿಂದ ಬಂದದ್ದು. ಇದಕ್ಕಿಂತ ಹತ್ತಿರದ ಪದ ನಮ್ಮಲ್ಲಿ ಯಾವುದಿದೆ ಹೇಳಿ? ಸಂಸ್ಕೃತದ 'ವಿನಿಮಯ' ನೋಡಿ ನೀವು ಚಕಾರ ಎತ್ತಲಿಲ್ಲ, ಅರಬ್ಬಿ ಅಂದ ಕೂಡಲೇ ಮೈಲಿಗೆ. ಎರವಲಿನಲ್ಲೂ ಜಾತಿ ನೋಡೋದು ನನಗೆ ಸೇರಲ್ಲ. ಓದು ಬಾರದವರೂ ದಿನಾ ಆಡುವ ಪದ ಕನ್ನಡವೇ.

ಫಲಕಕ್ಕೆ ಇನ್ನೆರಡು ಮಾತು. ಜನವರಿ 11ರಂದು ಇಟಲಿಯ ಪಲೆರ್ಮೊದಲ್ಲಿ ತೀರಿಕೊಂಡ ಒಂದನೇ ಕಾನ್‌ಸ್ಟಂಟೈನ್ ಆಗ ದೊರೆಯಲ್ಲ, ಹಿಂದಿನ ಸೆಪ್ಟೆಂಬರಿನಲ್ಲೇ ಪಟ್ಟ ಬಿಟ್ಟಿದ್ದ. 'ಮಾಜಿ ದೊರೆ' ಅನ್ನಿ. 13 ದಿನ ಹಿಂದಿದ್ದ ಗ್ರೀಸಿನ ಹಳೆ ಕ್ಯಾಲೆಂಡರಿನಲ್ಲಿ ಅದು ಇನ್ನೂ 1922ರ ಡಿಸೆಂಬರ್ 29. ಅಲ್ಲಿ ಕ್ಯಾಲೆಂಡರ್ ಬದಲಾದದ್ದು ಆಮೇಲೆ, ಫೆಬ್ರವರಿ 15ರ ಮಾರನೇ ದಿನವೇ ಮಾರ್ಚ್ 1 ಆಯಿತು. ಅದಕ್ಕೇ ತಾರೀಖಿನ ಪಕ್ಕ 'ಹೊಸ ಲೆಕ್ಕ' ಅಂತ ಹಾಕಿ. ಹುಟ್ಟಿದವರಲ್ಲಿ ಗ್ರೀಕ್ ಮೂಲದ ಒಪೆರಾ ಗಾಯಕಿ ಮರಿಯಾ ಕಲಾಸ್ ಇದ್ದರೆ ಊರನ್ನೂ ಬರೆಯಿರಿ: ಡಿಸೆಂಬರ್ 2, ನ್ಯೂಯಾರ್ಕ್.