ಅಪ್‌ಡೇಟ್: ಮಗಳು ನಡೆದಳು!

ಹೋದ ತಿಂಗಳು ಕೇಳಿದ್ದೆ: ಮಗಳಿಗೆ 14 ತಿಂಗಳು, ಗೋಡೆ ಹಿಡಿದು ನಿಲ್ಲುತ್ತಾಳೆ, ಆದರೆ ನಡೆಯುತ್ತಿಲ್ಲ, ವಾಕರ್ ತರಲಾ ಅಂತ. ಬೇಡ, ಬರಿಗಾಲಲ್ಲಿ ಬಿಡಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಮಕ್ಕಳ ಡಾಕ್ಟರೂ ಅದನ್ನೇ ಹೇಳಿದರು. 18 ತಿಂಗಳವರೆಗೂ ಗಾಬರಿ ಬೇಡ ಅಂದರು.

ನಿನ್ನೆ ಸಂಜೆ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ದಿವಾನ ಹಿಡಿದು ನಿಂತಿದ್ದವಳು ಸುಮ್ನೆ ಕೈ ಬಿಟ್ಟಳು. ಇನ್ನೊಂದು ಕೈಯಲ್ಲಿ ಅರ್ಧ ಕಚ್ಚಿದ ರಸ್ಕ್. ಒಂದು, ಎರಡು, ಮೂರು... ಐದನೇ ಹೆಜ್ಜೆಗೆ ನನ್ನ ಮೊಣಕಾಲಿಗೆ ಬಂದು ಬಿದ್ದಳು. ಪ್ಯಾಂಟಿಗೆಲ್ಲ ರಸ್ಕ್ ಪುಡಿ. ಆ ಗೆಜ್ಜೆ ಸದ್ದು ಇನ್ನೂ ಕಿವಿಯಲ್ಲೇ ಇದೆ. ನನಗೆ ಮಾತೇ ಹೊರಡಲಿಲ್ಲ.

ವಿಡಿಯೋ ಇಲ್ಲ, ಇರಲಿ ಬಿಡಿ. ಅವಳು ಹೊಸ್ತಿಲು ದಾಟಿದಾಗ ಅಮ್ಮ ಕಡುಬು ಮಾಡಿದ್ದರು. ಭಾನುವಾರ ಮತ್ತೆ ಮಾಡ್ತಾರಂತೆ.