ಸಹಾಯ ಬೇಕು: ಅಕ್ಕನ ಎಂಡಿ ಥೀಸಿಸ್‌ಗೆ ಸ್ಯಾಂಪಲ್ ಸೈಜ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ನಾನು ಸಂಖ್ಯಾಸಿದ್ಧಾಂತದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಅಕ್ಕ ಎಂಡಿ ಓದುತ್ತಿದ್ದಾಳೆ. "ನೀನು ಗಣಿತದವನಲ್ವಾ, ಇದೊಂದು ಲೆಕ್ಕ ಹಾಕಿಕೊಡೋ" ಅಂತ ಥೀಸಿಸ್ ಸಿನಾಪ್ಸಿಸ್ (ಅಧ್ಯಯನದ ಯೋಜನೆಯ ಸಾರಾಂಶ) ತಂದು ಮುಂದಿಟ್ಟಳು. ಅಲ್ಲೇ ಸಿಕ್ಕಿಬಿದ್ದೆ.

ನಮ್ಮಲ್ಲಿ ಒಂದು ಊಹೆಯನ್ನು ಬೀಳಿಸಲು ಒಂದೇ ಉದಾಹರಣೆ ಸಾಕು. ಐದನೇ ಘಾತಗಳನ್ನು ಕೂಡಿ ಇನ್ನೊಂದು ಐದನೇ ಘಾತ ಪಡೆಯಲು ಕನಿಷ್ಠ ಐದು ಸಂಖ್ಯೆ ಬೇಕು ಅಂತ ಗಣಿತಜ್ಞ ಆಯ್ಲರ್ 1769ರಲ್ಲಿ ಊಹಿಸಿದ್ದು ಹಾಗೇ ಬಿದ್ದುಹೋಯಿತು. 27, 84, 110, 133 ಈ ನಾಲ್ಕೇ ಸಂಖ್ಯೆಗಳ ಐದನೇ ಘಾತ ಕೂಡಿದರೆ 144ರ ಐದನೇ ಘಾತ ಬರುತ್ತದೆ ಅಂತ 1966ರಲ್ಲಿ ತೋರಿಸಿದರು, ಮುಗೀತು. ಸ್ಯಾಂಪಲ್ ಎಷ್ಟು, ಅಂದರೆ ಎಷ್ಟು ಜನರನ್ನು ಪರೀಕ್ಷಿಸಿದಿರಿ, ಅಂತ ಯಾರೂ ಕೇಳಲಿಲ್ಲ! ಅಕ್ಕನ ಕಡೆ ಮೊದಲ ಪ್ರಶ್ನೆಯೇ ಅದು.

ಅವಳ ವಿಷಯ ಒಪಿಡಿಗೆ ಬರುವ ಗರ್ಭಿಣಿಯರಲ್ಲಿ ರಕ್ತಹೀನತೆ. ಎನ್‌ಎಫ್‌ಎಚ್‌ಎಸ್-5ರಲ್ಲಿ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು) ದೇಶದ ಅಂಕಿ ಶೇ. 52.2. ಸುಲಭಕ್ಕೆ 50 ಅಂತ ಇಟ್ಟುಕೊಂಡೆ. ಎಲ್ಲರೂ ಬಳಸುವ 4ಪಿಕ್ಯೂ ಭಾಗಿಸು ಡಿ ವರ್ಗ ಸೂತ್ರದಲ್ಲಿ (ಪಿ ಅಂದರೆ ಆ ಶೇಕಡಾ ಅಂಕಿ, ಕ್ಯೂ ಅಂದರೆ 100ರಲ್ಲಿ ಪಿ ಕಳೆದದ್ದು, ಡಿ ಅಂದರೆ ಉತ್ತರ ಆಚೀಚೆ ಎಷ್ಟು ಶೇಕಡಾ ತಪ್ಪಬಹುದು ಅನ್ನುವ ಮಿತಿ), ಡಿ 5 ಆದರೆ 400 ಜನ ಬೇಕು, 10 ಆದರೆ 100 ಸಾಕು. ಅವಳಿಗೆ ಸಿಗುವ ಸಮಯದಲ್ಲಿ 160ರ ಆಸುಪಾಸು ಆಗಬಹುದು. ಡಿ 8 ಅಂತ ಹಾಕಿದರೆ 156.25, ಅಂದರೆ 157 ಬರುತ್ತದೆ. ಆದರೆ ಉತ್ತರ ನೋಡಿಕೊಂಡು ಪ್ರಶ್ನೆ ಬರೆದ ಹಾಗಾಯಿತು, ನನಗೆ ಮನಸ್ಸು ಒಪ್ಪುತ್ತಿಲ್ಲ.

ಎಥಿಕ್ಸ್ ಕಮಿಟಿಯಲ್ಲಿ 8 ನಡೆಯುತ್ತದಾ? ಕಾರಣ ಏನಂತ ಬರೆಯಬೇಕು? ಮಧ್ಯದಲ್ಲಿ ಬಿಟ್ಟುಹೋಗುವವರಿಗೆ ಅಂತ ಶೇ. 10 ಜಾಸ್ತಿ ಸೇರಿಸಲೇಬೇಕಾ? ಕಮ್ಯುನಿಟಿ ಮೆಡಿಸಿನ್‌ನವರು, ಬಯೋಸ್ಟ್ಯಾಟಿಸ್ಟಿಕ್ಸ್ ಗೊತ್ತಿರುವವರು ದಯವಿಟ್ಟು ಹೇಳಿ. ಸೋಮವಾರದೊಳಗೆ ಸಿನಾಪ್ಸಿಸ್ ಕೊಡಬೇಕು.