ನಾನು ಬದಲಾದೆನಾ, ಇಲ್ಲ ನನ್ನ ಗುಂಪು ಮಾತ್ರ ಬದಲಾಯಿತಾ?

ಹೊಸಚಿಗುರು:

ಕರ್ತನಲ್ಲಿ ಎಲ್ಲರಿಗೂ ವಂದನೆಗಳು. ತುಂಬ ದಿನದಿಂದ ಮನಸ್ಸು ಕೊರೆಯುತ್ತಿರುವ ವಿಷಯ, ನೇರವಾಗಿ ಕೇಳುತ್ತೇನೆ.

ದೀಕ್ಷಾಸ್ನಾನ ತೆಗೆದುಕೊಂಡು ಮೂರು ವರ್ಷ ಆಯಿತು. ಕುಡಿತ ಬಿಟ್ಟೆ. ಕೆಟ್ಟ ಮಾತು ಬಿಟ್ಟೆ. ನಮ್ಮ ಚರ್ಚಿನ ಸಭೆಯಲ್ಲಿ ಎಲ್ಲರೂ ನನ್ನನ್ನು ತೋರಿಸಿ ಸಾಕ್ಷಿ ಹೇಳುತ್ತಾರೆ. ಆದರೆ ಒಳಗೆ ನೋಡಿಕೊಂಡರೆ ಭಯ ಆಗುತ್ತದೆ. ಮೊದಲು ಗೆಳೆಯರು ಮೆಚ್ಚಲಿ ಅಂತ ಕುಡಿಯುತ್ತಿದ್ದೆ, ಈಗ ಸಭೆಯವರು ಮೆಚ್ಚಲಿ ಅಂತ ಜೋರಾಗಿ ಪ್ರಾರ್ಥನೆ ಮಾಡುತ್ತೇನೆ. ಆಗಲೂ ಬೇರೆಯವರ ಮುಖ ನೋಡುತ್ತಿದ್ದೆ, ಈಗಲೂ ಅದೇ ಅಲ್ವಾ? ಆಫೀಸಿನಲ್ಲಿ ಮುಗಿಯದ ಕೆಲಸವನ್ನು ಮುಗಿದಿದೆ ಅಂತ ರಿಪೋರ್ಟಿನಲ್ಲಿ ಬರೆಯುವುದು ಎಲ್ಲರ ಅಭ್ಯಾಸ. ನಾನೂ ಬರೆಯುತ್ತೇನೆ. ಕೈ ನಡುಗುವುದೂ ಇಲ್ಲ.

ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 12:2, ಇಹಲೋಕದ ನಡವಳಿಕೆಯನ್ನು ಅನುಸರಿಸದೆ ಹೊಸ ಮನಸ್ಸು ಹೊಂದಿ ಬದಲಾಗಿರಿ ಅನ್ನುವ ವಚನ, ಓದುವಾಗಲೆಲ್ಲ ತಲೆ ತಗ್ಗಿಸುತ್ತೇನೆ. ಇಹಲೋಕದ ನಡವಳಿಕೆ ಬಿಡುವುದು ಅಂದರೆ ನಿಜವಾಗಿ ಏನು ಬಿಡುವುದು?

ಸಾಸಿವೆಕಾಳು:

ಬ್ರದರ್, ಆ ಭಯ ಒಳ್ಳೆಯದೇ. ಅದನ್ನು ಓಡಿಸಬೇಡಿ.

ಆ ವಚನದ ಬಗ್ಗೆ ಒಂದು ಮಾತು. ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ 'ಪರಲೋಕಭಾವದವರಾಗಿರಿ' ಅಂತ ಇದೆ. ಚಿಕ್ಕಂದಿನಿಂದ ಅದನ್ನು ಓದಿ, ಈ ಲೋಕದ ಜೊತೆ ಸಂಬಂಧವೇ ಇಲ್ಲದ ಹಾಗೆ ಮುಖ ಮಾಡಿಕೊಂಡು ಇರಬೇಕು ಅಂದುಕೊಂಡಿದ್ದೆ. ಆದರೆ ಪೌಲನ ಗ್ರೀಕಿನಲ್ಲಿ ಅಲ್ಲಿ ಪರಲೋಕ ಅನ್ನುವ ಪದ ಇಲ್ಲ. 'ರೂಪಾಂತರ ಹೊಂದುತ್ತಾ ಇರಿ' ಅಂತ ಮಾತ್ರ ಇದೆ. ಬೆಟ್ಟದ ಮೇಲೆ ಯೇಸುವಿನ ಮುಖ ಸೂರ್ಯನ ಹಾಗೆ ಹೊಳೆಯಿತಲ್ಲ, ಮತ್ತಾಯ 17ರಲ್ಲಿ, ಅಲ್ಲಿರುವುದೂ ಇದೇ ಕ್ರಿಯಾಪದ. 2 ಕೊರಿಂಥ 3:18ರಲ್ಲೂ ಇದೇ. ಇನ್ನೊಂದು ವಿಷಯ, 'ನಿಮ್ಮನ್ನು ನೀವೇ ಬದಲಾಯಿಸಿಕೊಳ್ಳಿ' ಅಂತ ಪೌಲ ಹೇಳಿಲ್ಲ. ಇನ್ನೊಬ್ಬರ ಕೈಯಿಂದ ಆಗುವ ಕೆಲಸ ಅದು, ನಾವು ಒಪ್ಪಿಸಿಕೊಡಬೇಕು, ಅದೂ ಒಂದು ದಿನದ ಮಾತಲ್ಲ, ಆಗುತ್ತಲೇ ಇರಬೇಕು. ಇದು ಗೊತ್ತಾದ ದಿನ ನನ್ನ ಹೆಗಲ ಮೇಲಿಂದ ಏನೋ ಇಳಿದ ಹಾಗಾಯಿತು, ಯಾಕಂದರೆ ಅಲ್ಲಿಯವರೆಗೆ ನನ್ನನ್ನು ನಾನೇ ಎತ್ತಿ ಹಿಡಿದು ನಿಲ್ಲಿಸಿಕೊಳ್ಳಲು ನೋಡಿ ಸೋತಿದ್ದೆ.

ಆ ಒಂದೇ ವಚನಕ್ಕೆ ನಿಲ್ಲಿಸದೆ ಅಧ್ಯಾಯ ಪೂರ್ತಿ ಓದಿ. ಬದಲಾದ ಮನುಷ್ಯ ಹೇಗಿರುತ್ತಾನೆ ಅಂತ ಪೌಲನೇ ಬರೆದಿದ್ದಾನೆ. ಪ್ರೀತಿಯಲ್ಲಿ ಕಪಟ ಇಲ್ಲ. ಹಿಂಸೆ ಕೊಟ್ಟವರನ್ನೂ ಆಶೀರ್ವದಿಸುತ್ತಾನೆ. ದೊಡ್ಡಸ್ತಿಕೆ ಇಲ್ಲ, ಸಣ್ಣವರ ಜೊತೆ ಸೇರುತ್ತಾನೆ. ಸೇಡು ತೀರಿಸುವುದನ್ನು ದೇವರಿಗೆ ಬಿಡುತ್ತಾನೆ. ಬಟ್ಟೆ, ಒಡವೆ, ಪ್ರಾರ್ಥನೆಯ ದನಿ ಯಾವುದೂ ಅಲ್ಲಿ ಬರುವುದಿಲ್ಲ.

ದಾರಿಹೋಕ:

ಅಕ್ಕ ಹೇಳಿದ್ದು ಸರಿ, ಆದರೂ ಒಂದು ಕಡೆ ನಾನು ಒಪ್ಪುವುದಿಲ್ಲ. ಹೊರಗಿನದು ಮುಖ್ಯ ಅಲ್ಲ ಅಂತ ಯಾರೂ ತಿಳಿಯಬಾರದು. ಕುಡಿತ ಬಿಟ್ಟಿದ್ದು ಸಣ್ಣ ವಿಷಯವೇ ಅಲ್ಲ. ನಾನು ಬಿಟ್ಟಾಗಲೂ ಒಳಗೆ ಏನೂ ಬದಲಾಗಿರಲಿಲ್ಲ, ಸುಮ್ನೆ ಬಿಟ್ಟೆ ಅಷ್ಟೇ, ಆದರೆ ನನ್ನ ಮಕ್ಕಳು ರಾತ್ರಿ ಹೆದರದೆ ಮಲಗಿದರು.

ಬೈಬಲಿನ ದಾನಿಯೇಲನನ್ನು ನೋಡಿ, ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದಿ ಯುವಕ. ಬಾಬೆಲಿನವರು ಅವನ ಹೆಸರನ್ನೇ ಬದಲಾಯಿಸಿದರು. ಅವರ ಭಾಷೆ ಕಲಿತ, ಅವರ ಗ್ರಂಥಗಳನ್ನು ಓದಿದ, ಅವರ ಅರಸನ ಹತ್ತಿರವೇ ಕೆಲಸ ಮಾಡಿದ. ಇದ್ಯಾವುದಕ್ಕೂ ಜಗಳ ತೆಗೆಯಲಿಲ್ಲ. ಅರಸನ ಊಟದ ವಿಷಯ ಬಂದಾಗ ಮಾತ್ರ, ಅದನ್ನು ತಿಂದು ಅಶುದ್ಧನಾಗಲು ಆಗುವುದಿಲ್ಲ ಅಂದ. ಅದನ್ನೂ ಮರ್ಯಾದೆಯಿಂದ ಕೇಳಿದ, ಹತ್ತು ದಿನ ಕಾಯಿಪಲ್ಯ, ನೀರು ಮಾತ್ರ ಕೊಟ್ಟು ಪರೀಕ್ಷೆ ಮಾಡಿ ನೋಡಿ ಅಂತ. ಎಲ್ಲದಕ್ಕೂ ಬೇಡ ಅನ್ನುವವನಿಗೆ ಯೋಚನೆ ಮಾಡುವ ಕೆಲಸವೇ ಇಲ್ಲ, ಎಲ್ಲದಕ್ಕೂ ಹೂಂ ಅನ್ನುವವನಿಗೂ ಇಲ್ಲ. ಎಲ್ಲಿ ಬೇಡ ಅನ್ನಬೇಕು ಅಂತ ತಿಳಿಯುವುದೇ ಕಷ್ಟ, ಪೌಲ ಅದೇ ವಚನದಲ್ಲಿ 'ವಿವೇಚಿಸಿ' ಅನ್ನುವುದು ಅದಕ್ಕೇ.

ಹಳೆಬಾವಿ:

ಇಬ್ಬರ ಮಾತೂ ಓದಿದೆ. ಲೋಕ ಅಂದ ಕೂಡಲೇ ನಮಗೆ ಸಭೆಯ ಹೊರಗಿನದೇ ನೆನಪಾಗುತ್ತದೆ. ಒಳಗೂ ಇರುತ್ತದೆ. 1933ರಲ್ಲಿ ಜರ್ಮನಿಯ ಸಭೆಗಳಲ್ಲಿ ಹಾಡು, ಪ್ರಸಂಗ, ಪ್ರಾರ್ಥನೆ ಯಾವುದೂ ನಿಂತಿರಲಿಲ್ಲ. ಆದರೂ 'ಜರ್ಮನ್ ಕ್ರೈಸ್ತರು' ಅನ್ನುವ ಗುಂಪು, ಯೆಹೂದಿ ಮೂಲದ ಪಾಸ್ಟರುಗಳನ್ನು ತೆಗೆದುಹಾಕಬೇಕು ಅನ್ನುವ ನಾಜಿ ನಿಯಮವನ್ನು ಸಭೆಯೊಳಗೇ ತಂದಿತು. ಎಷ್ಟೋ ಭಕ್ತರು ಅದಕ್ಕೆ ತಲೆದೂಗಿದರು. 1934ರ ಮೇ ತಿಂಗಳಲ್ಲಿ ಈ ಗುಂಪನ್ನು ವಿರೋಧಿಸಿ ಜರ್ಮನಿಯ ಬಾರ್ಮೆನಿನಲ್ಲಿ ಸೇರಿದ ಕ್ರೈಸ್ತರು, ಸಭೆ ಕಿವಿಗೊಡಬೇಕಾದ್ದು ಯೇಸು ಕ್ರಿಸ್ತನೆಂಬ ಒಂದೇ ವಾಕ್ಯಕ್ಕೆ ಅಂತ ಬರೆದು ಘೋಷಿಸಿದರು. ಇದನ್ನು ನೆನೆಸಿಕೊಂಡಾಗಲೆಲ್ಲ ನನ್ನ ಸಭೆ, ನನ್ನ ಮನೆ, ನಮ್ಮೊಳಗಿನ ಜಾತಿಯ ಮಾತು ಎಲ್ಲ ಕಣ್ಣ ಮುಂದೆ ಬರುತ್ತದೆ.

ತಮ್ಮಾ, ಈಗ ನಿಮ್ಮ ರಿಪೋರ್ಟಿನ ವಿಷಯ. ನಾನೂ ಹನ್ನೊಂದು ವರ್ಷ ಹಾಗೇ ಬರೆದೆ. ಒಂದು ಸಲ ಮೇಲಿನವರ ಹತ್ತಿರ ಹೋಗಿ, 'ಸರ್, ಇದು ಮುಗಿದಿಲ್ಲ, ಮುಗಿದಿದೆ ಅಂತ ಇನ್ನು ಬರೆಯಲು ಆಗುವುದಿಲ್ಲ, ಇನ್ನೂ ನಾಲ್ಕು ದಿನ ಬೇಕು' ಅಂದೆ. ಅವರು ಬೈದರು. ಆ ವರ್ಷ ಬಡ್ತಿಯೂ ಸಿಗಲಿಲ್ಲ. ಆಮೇಲೆ ಎಲ್ಲ ಸರಿಹೋಯಿತು ಅಂತ ಹೇಳಿದರೆ ಅದೂ ಸುಳ್ಳು ರಿಪೋರ್ಟೇ ಆಗುತ್ತದೆ. ಆದರೆ ಅವತ್ತು ರಾತ್ರಿ ಪ್ರಾರ್ಥನೆಗೆ ಕೂತಾಗ ಬಾಯಲ್ಲಿ ದೊಡ್ಡ ಮಾತು ಬರಲಿಲ್ಲ, ಸುಮ್ಮನೆ ಅತ್ತೆ, ಅಷ್ಟು ನಿಜವಾದ ಪ್ರಾರ್ಥನೆ ಎಷ್ಟೋ ವರ್ಷದಿಂದ ಮಾಡಿರಲಿಲ್ಲ.

ಒಂದು ಸಣ್ಣ ಸಲಹೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಫೋನ್ ಹಿಡಿಯಬೇಡಿ, ಮೊದಲು ಬೈಬಲಿನ ಒಂದು ಕೀರ್ತನೆ ಓದಿ. ಮನಸ್ಸಿಗೆ ದಿನವೂ ಯಾವುದನ್ನು ಮೊದಲು ಉಣಿಸುತ್ತೇವೋ ಅದರ ಹಾಗೇ ಅದು ಯೋಚಿಸಲು ಕಲಿಯುತ್ತದೆ. ಮತ್ತೆ, ನಿಮ್ಮನ್ನು ಹೊಗಳದ ಒಬ್ಬ ಸ್ನೇಹಿತನನ್ನು ಸಭೆಯಲ್ಲಿ ಹುಡುಕಿಕೊಳ್ಳಿ.

ಹೊಸಚಿಗುರು:

ಅಕ್ಕ, ಅಣ್ಣಂದಿರೇ, ತುಂಬ ಉಪಕಾರ. 'ಆಗುವ ಕೆಲಸ, ಒಪ್ಪಿಸಿಕೊಡಬೇಕು' ಅನ್ನುವ ಮಾತನ್ನು ಮೂರು ಸಲ ಓದಿದೆ. ಸೋಮವಾರ ಒಂದು ರಿಪೋರ್ಟ್ ಕೊಡಬೇಕು, ಅರ್ಧ ಕೆಲಸ ಬಾಕಿ ಇದೆ. ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಹೆದರಿಕೆ ಇದೆ, ಪ್ರಾರ್ಥನೆ ಮಾಡಿ. ಯಾವ ಕೀರ್ತನೆಯಿಂದ ಶುರು ಮಾಡಲಿ?

ಹಳೆಬಾವಿ:

15ನೆಯದು. ಐದೇ ವಚನ. ನಷ್ಟವಾದರೂ ಕೊಟ್ಟ ಮಾತು ತಪ್ಪದವನ ಬಗ್ಗೆ ಇದೆ. ಸೋಮವಾರ ಬೆಳಿಗ್ಗೆ ನಾನೂ ಅದನ್ನೇ ಓದುತ್ತೇನೆ.